ಪೆಲ್ಲೆಗೆ ಕೊಟ್ಟ ಪಂಚಕಜ್ಜಾಯ

ಇವತ್ತಿಗೂ ನಮ್ಮ ಮನೆಯ ಪಂಚಕಜ್ಜಾಯಕ್ಕೆ ಒಣದ್ರಾಕ್ಷಿ ಬೀಳುವುದಿಲ್ಲ. ಚೌತಿಯ ಊಟಕ್ಕೆ ಬಂದ ಗೆಳೆಯರು ಚಮಚದಲ್ಲಿ ಕೆದಕಿ ನೋಡಿ, "ಏನ್ ಮಾರಾಯ್ರೆ, ದ್ರಾಕ್ಷಿಗೂ ಬರಗಾಲವಾ ನಿಮ್ಮಲ್ಲಿ?" ಎಂದು ಕೇಳುತ್ತಾರೆ. ನನ್ನ ಹೆಂಡತಿ ಶೈಲಾ ಏನೋ ಒಂದು ಹೇಳಿ ಮಾತು ತೇಲಿಸುತ್ತಾಳೆ. ನಾನು ತಲೆ ತಗ್ಗಿಸಿ ತಿನ್ನುತ್ತೇನೆ. ಎದುರಿಗೆ ಕೂತವರಿಗೆ ಹೇಳುವ ಧೈರ್ಯ ನನಗೆ ಯಾವತ್ತೂ ಕಡಿಮೆ. ನಿಮಗಾದರೆ ಹೇಳಬಹುದು, ನೀವು ಇದನ್ನು ಓದುವಾಗ ನಾನು ನಿಮ್ಮ ಎದುರು ಇರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರ. ನಮ್ಮಜ್ಜಿ ಒಣದ್ರಾಕ್ಷಿಯನ್ನು ಒಂದು ಸಣ್ಣ ಭರಣಿಯಲ್ಲಿ ಹಾಕಿ, ಭರಣಿಯನ್ನು ಕಪಾಟಿನಲ್ಲಿಟ್ಟು, ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮನೆಮಂದಿ, ನೆಂಟರಿಷ್ಟರೆಲ್ಲ ಸೇರಿ ತಿನ್ನುವ ಪಂಚಕಜ್ಜಾಯಕ್ಕೆ ಬೀಳುತ್ತಿದ್ದುದು ಹತ್ತೋ ಹನ್ನೆರಡೋ ದ್ರಾಕ್ಷಿ. ಯಾರ ಪಾಲಿಗೆ ಒಂದು ಬಂತೋ ಅವನು ಆ ದಿನ ದೊಡ್ಡ ಮನುಷ್ಯ. ನಾನು ಒಂದು ದ್ರಾಕ್ಷಿಯನ್ನು ಕೆನ್ನೆಯೊಳಗೆ ಇಟ್ಟುಕೊಂಡು ಸಂಜೆಯವರೆಗೆ ತಮ್ಮನಿಗೆ ಬಾಯಿ ತೆರೆದು ತೋರಿಸಿ ಹೊಟ್ಟೆ ಉರಿಸಿದ್ದುಂಟು.

ಅಂಗಳದಾಚೆ ಬೊಗ್ಗ ಎಂಬ ನಾಯಿ ಇತ್ತು. ಒಂದು ಸತ್ತರೆ ಇನ್ನೊಂದು ಬರುತ್ತಿತ್ತು, ಅದರ ಹೆಸರೂ ಬೊಗ್ಗ. ಯಾವ ಬೊಗ್ಗನೂ ಜಗಲಿ ಹತ್ತಿದ್ದಿಲ್ಲ. ಆದರೆ ಹಬ್ಬದ ದಿನ ಪ್ರಸಾದ ಹಂಚಿ ಮುಗಿದ ಮೇಲೆ ಅಜ್ಜಿ ಒಂದು ಬಾಳೆಲೆಯ ತುಂಡಿನಲ್ಲಿ ಬೊಗ್ಗನ ಪಾಲು ಇಟ್ಟು, ತಾವೇ ಅಂಗಳ ದಾಟಿ ಹೋಗಿ ಕೊಡುತ್ತಿದ್ದರು. ಬಾಗಿಲ ಬುಡದಲ್ಲಿ ಕಾದು ಕೂತ ಜೀವಕ್ಕೆ ಪ್ರಸಾದ ಇಲ್ಲ ಅನ್ನಬಾರದು ಎಂಬುದು ಅವರ ಕಟ್ಟಳೆ. ಅಜ್ಜಿಯ ಎಷ್ಟೋ ಕಟ್ಟಳೆಗಳನ್ನು ನಾನು ಗಾಳಿಗೆ ತೂರಿದ್ದೇನೆ. ಇದೊಂದನ್ನು ಮಾತ್ರ ಭಕ್ತಿಯಿಂದ ಸ್ವೀಡನ್ನಿಗೆ ಕಟ್ಟಿಕೊಂಡು ಬಂದೆ.

ಸ್ವೀಡನ್ನಿನಲ್ಲಿ ಒಣದ್ರಾಕ್ಷಿ ಸಣ್ಣ ದಿಂಬಿನಷ್ಟು ದಪ್ಪದ ಚೀಲದಲ್ಲಿ ಸಿಗುತ್ತದೆ. ಮೊದಲ ಸಲ ಅದನ್ನು ಮನೆಗೆ ತಂದ ದಿನ ನಾನು ಮೇಜಿನ ಮುಂದೆ ನಿಂತು ಅಜ್ಜಿಯ ಮೇಲೆ ಸೇಡು ತೀರಿಸಿಕೊಳ್ಳುವವನಂತೆ ಮುಷ್ಟಿಗಟ್ಟಲೆ ಮುಕ್ಕಿದೆ. ಆಮೇಲಿಂದ ನಮ್ಮ ಪಂಚಕಜ್ಜಾಯ ಅಂದರೆ ದ್ರಾಕ್ಷಿಯ ನಡುವೆ ಅಲ್ಲಲ್ಲಿ ಕಡಲೆಪುಡಿ ಎನ್ನುವ ಹಾಗಾಯಿತು.

ನಾವಿದ್ದದ್ದು ಮೋಲ್ನ್‌ಡಾಲ್ ಎಂಬ ಪಟ್ಟಣದಲ್ಲಿ. ಔಷಧ ಸಂಶೋಧನೆಯ ಕೆಲಸ ನನ್ನದು. ಹೊಸ ಔಷಧಗಳು ಮೂತ್ರಪಿಂಡವನ್ನು ಕೆಡಿಸುತ್ತವೆಯೇ ಎಂದು ಇಲಿಗಳಲ್ಲಿ ನೋಡುವುದು. ದಯವಿಟ್ಟು ಈ ವಿವರವನ್ನು ನೆನಪಿಡಿ, ನನ್ನ ಮರ್ಯಾದೆ ಹೋಗುವುದು ಇಲ್ಲಿಂದಲೇ. ನಮ್ಮ ಮನೆಯ ಎದುರು ಬಾಗಿಲಿನವರು ಬಿರ್ಗಿಟ್ಟ. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಅಂಚೆ ಇಲಾಖೆಯಲ್ಲಿ ಇಡೀ ಆಯುಷ್ಯ ಪತ್ರ ವಿಂಗಡಿಸಿದವರು. ತಮ್ಮ ಕೈಯಿಂದ ಒಂದು ಪತ್ರವೂ ತಪ್ಪು ಗೂಡಿಗೆ ಹೋಗಿಲ್ಲ ಎಂದು ಪರಿಚಯವಾದ ಮೊದಲ ದಿನವೇ ಹೇಳಿದ್ದರು. ಕಟ್ಟಡದ ಬಟ್ಟೆ ಒಗೆಯುವ ಕೋಣೆಗೆ ಹೆಸರು ಬರೆಯುವ ಪಟ್ಟಿಯಲ್ಲಿ ನಾನು ತಪ್ಪು ದಿನಕ್ಕೆ ಬರೆದಿದ್ದೆ. ಅದನ್ನು ತಿದ್ದಲು ಬಂದವರು, ಕಾಫಿ ಕುಡಿದು ಹೋದರು. ಆ ದೇಶದಲ್ಲಿ ಎಲ್ಲರಿಗೂ ಏಕವಚನ, ಹೆಸರು ಹಿಡಿದೇ ಕರೆಯಬೇಕು. ಬಾಯಲ್ಲಿ ನಾನೂ ಹಾಗೆಯೇ ಕರೆದೆ, ಮನಸ್ಸಿನಲ್ಲಿ ಮಾತ್ರ ಅವರು ಬಹುವಚನದಲ್ಲೇ ಉಳಿದರು.

ಅವರ ನಾಯಿ ಪೆಲ್ಲೆ. ಕಪ್ಪು ಬಿಳುಪಿನ, ಜೋಲು ಕಿವಿಯ, ಹನ್ನೆರಡು ವರ್ಷದ ಮುದುಕ. ನಮ್ಮ ಐದು ವರ್ಷದ ಮಗಳು ಮಾನಸಿ ನಮ್ಮೊಡನೆ ಕನ್ನಡ ಮಾತಾಡುವುದಿಲ್ಲ ಎಂದು ಹಟ ಮಾಡುತ್ತಿದ್ದಳು, ಪೆಲ್ಲೆಯ ಜೊತೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದಳು. "ಅವನಿಗೆ ಸ್ವೀಡಿಷ್ ಬರುತ್ತೆ, ಕನ್ನಡ ಕಲಿಸ್ಬೇಕು" ಎಂಬುದು ಅವಳ ಲೆಕ್ಕಾಚಾರ.

ಆ ವರ್ಷ ಚೌತಿ ಆಗಸ್ಟ್ ಕೊನೆಯ ಭಾನುವಾರ ಬಂತು. ಮಾನಸಿಯ ಕೈಯಲ್ಲಿ ಜೇಡಿಮಣ್ಣಿನ ಗಣಪತಿ ಮಾಡಿಸಿ, ನಿಜವಾದ ಸಮುದ್ರದಲ್ಲೇ ಬಿಡಬೇಕೆಂದು ನನಗೆ ಹುಕಿ ಹುಟ್ಟಿತು. ಹಿಂದಿನ ವರ್ಷ ಬಕೆಟ್ಟಿನಲ್ಲಿ ಬಿಟ್ಟದ್ದು ಕರಾವಳಿಯವನಾದ ನನಗೆ ಅವಮಾನವಾಗಿತ್ತು. ಅದೇ ವಾರ ಬಿರ್ಗಿಟ್ಟರಿಗೆ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ. ಪೆಲ್ಲೆಯನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಶೈಲಾ ಒಪ್ಪಿಕೊಂಡುಬಿಟ್ಟಿದ್ದಳು. ಹೀಗಾಗಿ ದೇವರಿಗೆ ಸಮುದ್ರ ಬೇಕು, ನಾಯಿಗೆ ಪ್ರವೇಶ ಬೇಕು, ಎರಡೂ ಇರುವ ಬಾಡಿಗೆ ಮನೆಯನ್ನು ಹುಡುಕಬೇಕಾಯಿತು. ಪಶ್ಚಿಮ ತೀರದ ಒಂದು ಸಣ್ಣ ಮೀನುಗಾರರ ಊರಿನಲ್ಲಿ, ನುಣ್ಣನೆಯ ಬಂಡೆಗಳ ಮೇಲೆ ಬಿಳಿ ಬಣ್ಣ ಬಳಿದ ಮರದ ಮನೆಯೊಂದು ವಾರದ ಮಟ್ಟಿಗೆ ಸಿಕ್ಕಿತು. ನಾಯಿಗಳಿಗೆ ಸ್ವಾಗತ ಎಂದು ಜಾಹೀರಾತಿನ ಮೊದಲ ಸಾಲಿನಲ್ಲೇ ಇತ್ತು.

ಸ್ವಾಗತ ಅಂದರೆ ಬಾಯಿಮಾತಿನ ಸ್ವಾಗತ ಅಲ್ಲ. ಬಾಗಿಲಲ್ಲಿ ನಾಯಿಗೆ ಎರಡು ಬಟ್ಟಲು, ಕಾಲು ಒರೆಸಲು ಬೇರೆ ಟವೆಲ್ಲು, ಹಗ್ಗ ನೇತುಹಾಕಲು ಗೂಟ, ಮೆತ್ತನೆಯ ಬುಟ್ಟಿ. ಮನುಷ್ಯರು ಹಾಸಿಗೆಯ ಬಟ್ಟೆಯನ್ನು ಮನೆಯಿಂದಲೇ ತರಬೇಕು, ಬಚ್ಚಲಲ್ಲಿ ಒಂದು ಚೊಂಬಿಲ್ಲ. ಗೋಡೆಯ ಮೇಲೆ ನಾಯಿಯವರಿಗಾಗಿ ನಿಯಮಗಳ ಪಟ್ಟಿ. ಛಾಪಿಸಿದ್ದನ್ನೆಲ್ಲ ಓದುವ ಚಾಳಿ ನನ್ನದು. ನಿಘಂಟು ಹಿಡಿದು ನಿಂತಲ್ಲೇ ಓದಿ ಶೈಲಾಳಿಗೆ ಅರ್ಥ ಹೇಳಿದೆ. ಮಂಚ ಹತ್ತಿಸಬಾರದು, ಒಂಟಿಯಾಗಿ ಬಿಟ್ಟು ಹೋಗಬಾರದು, ಮನೆ ಬಿಡುವಾಗ ಒಂದು ಕೂದಲೂ ಉಳಿಯದಂತೆ ಗುಡಿಸಬೇಕು. ಊಟದ ಮೇಜಿನಿಂದ ತಿನ್ನಿಸಬಾರದು ಎಂದೂ ಇತ್ತು. ಚೌತಿಯ ದಿನ ನಾವು ಊಟಕ್ಕೆ ನೆಲದ ಮೇಲೆ ಕೂರುವವರು. ಈ ನಿಯಮ ನಮಗೆ ಲಾಗೂ ಆಗುವುದಿಲ್ಲ ಎಂದು ನಾನು ವಕೀಲನ ಹಾಗೆ ವಾದ ಮಾಡಿದೆ, ಶೈಲಾ ನಕ್ಕಳು.

ಭಾನುವಾರ ಪೂಜೆಯಾಯಿತು. ಗಣಪತಿಯ ಸೊಂಡಿಲು ಒಂದು ಸಲ ಬಿದ್ದು, ಹಲ್ಲುಕಡ್ಡಿ ಚುಚ್ಚಿ ಕೂಡಿಸಿದೆವು. ಮಂಗಳಾರತಿಯ ಹೊತ್ತಿಗೆ ಪೆಲ್ಲೆ ಬಾಗಿಲ ಬಳಿ ಬಂದು, ಮುಂಗಾಲು ಜೋಡಿಸಿ ಕೂತ. ಅಜ್ಜಿಯ ಕಟ್ಟಳೆ ನನ್ನ ಮೈಮೇಲೆ ಬಂತು. ಎಲ್ಲರಿಗೂ ಹಂಚಿದ ಮೇಲೆ ಒಂದು ಕಾಗದದ ತಟ್ಟೆಯಲ್ಲಿ ಅವನ ಪಾಲು ಇಟ್ಟೆ. ನೆಕ್ಕಿ ಮುಗಿಸಿ ನನ್ನ ಮುಖ ನೋಡಿದ. ಇನ್ನೊಮ್ಮೆ ಬಡಿಸಿದೆ. ಮತ್ತೆ ನೋಡಿದ. ಡಬ್ಬಿಯ ತಳದಲ್ಲಿ ಉಳಿದದ್ದನ್ನು, ತುಪ್ಪದಲ್ಲಿ ಹುರಿದ ದ್ರಾಕ್ಷಿಯೆಲ್ಲ ಸೇರಿ ಉಳಿದದ್ದು ಅಲ್ಲೇ, ಹಾಗೇ ಅವನ ಮುಂದೆ ಹಿಡಿದೆ. ಮಾನಸಿ ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ ಬಂಡೆಗಳ ಮೇಲಿಂದ ಇಳಿದು, ಮೊಣಕಾಲು ಮರಗಟ್ಟುವ ನೀರಿನಲ್ಲಿ ಗಣಪತಿಯನ್ನು ಬಿಟ್ಟೆವು. ಪೆಲ್ಲೆ ಅಲೆಗೆ ಬೊಗಳಿದ. ಅವನು ಬೊಗಳಿದ್ದನ್ನು ನಾನು ಕೇಳಿದ್ದು ಅದೇ ಕೊನೆ.

ಸೋಮವಾರ ಎರಡು ಸಲ ವಾಂತಿ ಮಾಡಿದ. ಸಮುದ್ರದ ಉಪ್ಪುನೀರು ಕುಡಿದಿರಬೇಕು ಅಂದೆ. ಮಂಗಳವಾರ ಬುಟ್ಟಿಯಿಂದ ಏಳಲಿಲ್ಲ, ಬಟ್ಟಲು ಮುಟ್ಟಲಿಲ್ಲ. ಹೊರಗೆ ಎತ್ತಿಕೊಂಡು ಹೋಗಿ ನಿಲ್ಲಿಸಿದರೆ ಕಾಲು ಎತ್ತಲಿಲ್ಲ, ಸುಮ್ಮನೆ ನಿಂತು ನಡುಗಿದ. ಇಪ್ಪತ್ತನಾಲ್ಕು ಗಂಟೆ ಉಚ್ಚೆ ಹೊಯ್ಯದ ಪ್ರಾಣಿಗೆ ಏನಾಗಿದೆ ಎಂದು ಹೇಳುವುದಕ್ಕೇ ನನಗೆ ಸಂಬಳ. ಇಲಿಯಾಗಿದ್ದರೆ ಹೇಳುತ್ತಿದ್ದೆನೇನೋ. ಓದಿ ಓದಿ ಮರುಳಾದ ಕೂಚುಭಟ್ಟ ಅನ್ನುತ್ತಾರಲ್ಲ, ಅವನಿಗೆ ನನ್ನ ಮುಖವೇ ಇದ್ದಿರಬೇಕು. ವಯಸ್ಸಾಗಿದೆ, ಯಜಮಾನಿಯನ್ನು ನೆನೆಸಿಕೊಂಡು ಕೊರಗುತ್ತಿದೆ ಅಂದುಕೊಂಡೆವು.

ಬುಧವಾರ ಪಕ್ಕದ ಪಟ್ಟಣದ ಪಶುವೈದ್ಯೆಯ ಬಳಿ ಹೋದೆವು. ರಕ್ತ ನೋಡಿ, ಮೂತ್ರಪಿಂಡ ಎರಡೂ ನಿಂತಿವೆ ಅಂದರು. ಬೇರೆ ಏನಾದರೂ ತಿಂದನೇ, ಇಲಿಪಾಷಾಣ, ಕಾರಿನ ರೇಡಿಯೇಟರಿಗೆ ಹಾಕುವ ದ್ರವ, ಚಾಕೊಲೇಟು? ಇಲ್ಲ ಅಂದೆ. ಸುಳ್ಳು ಹೇಳಲಿಲ್ಲ, ನಿಜವಾಗಿಯೂ ನೆನಪಾಗಲಿಲ್ಲ. ವಿಷದ ಪಟ್ಟಿ ಓದುವಾಗ ದೇವರ ಪ್ರಸಾದ ಯಾರಿಗೆ ನೆನಪಾಗುತ್ತದೆ? ಔಷಧ ಏನಾದರೂ ಕೊಡುತ್ತಿದ್ದೀರಾ ಅಂದರು. ಬಿರ್ಗಿಟ್ಟ ಕಳಿಸಿದ್ದ ಡಬ್ಬಿ ತೋರಿಸಿದೆ. ವಾರಕ್ಕೆ ಏಳು ಗೂಡು, ಒಂದೊಂದರಲ್ಲಿ ಕೀಲುನೋವಿನ ಒಂದೊಂದು ಮಾತ್ರೆ. ವೈದ್ಯೆ ತಲೆಯಾಡಿಸಿ, ಮುದಿ ನಾಯಿಗೆ ಈ ಮಾತ್ರೆ ಕೆಲವೊಮ್ಮೆ ಹೀಗೆ ಮಾಡುತ್ತದೆ, ಪ್ರಮಾಣ ಸ್ವಲ್ಪ ಹೆಚ್ಚಾದರಂತೂ ಹೇಳುವುದೇ ಬೇಡ ಎಂದು ಕಾಗದದಲ್ಲಿ ಬರೆದುಕೊಂಡರು. ಆಸ್ಪತ್ರೆಯಲ್ಲಿದ್ದ ಬಿರ್ಗಿಟ್ಟರಿಗೆ ಫೋನು ಮಾಡಿ ಒಪ್ಪಿಗೆ ಕೇಳಿದರು. ಆಮೇಲೆ ಒಂದು ಸೂಜಿ. ಪೆಲ್ಲೆಯ ತಲೆ ನನ್ನ ಅಂಗೈಯಲ್ಲಿತ್ತು, ಭಾರವಾಗುತ್ತಾ ಬಂತು.

ಮನೆ ಬಿಡುವ ದಿನ ನಿಯಮದಂತೆ ಗುಡಿಸಲೇಬೇಕಿತ್ತು. ಕುರ್ಚಿಯ ಕೆಳಗೆ, ಬುಟ್ಟಿಯ ಹೆಣಿಗೆಯಲ್ಲಿ, ಬಾಗಿಲ ಸಂದಿಯಲ್ಲಿ ಕಪ್ಪು ಬಿಳುಪು ಕೂದಲು. ಶೈಲಾ ಅಳುತ್ತಾ ಗುಡಿಸಿದಳು, ನಾನು ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕೀಲಿ ತೆಗೆದುಕೊಳ್ಳಲು ಬಂದ ಮನೆಯ ಒಡತಿ ಕೋಣೆಗಳನ್ನು ನೋಡಿ ಮೆಚ್ಚಿಕೊಂಡರು. ನಾಯಿ ಇದ್ದ ಗುರುತೇ ಇಲ್ಲವಲ್ಲ ಅಂದರು.

ಬಿರ್ಗಿಟ್ಟ ಫೋನಿನಲ್ಲಿ ನನ್ನನ್ನು ಕೇಳಿದ್ದು ಎರಡೇ. ಅವನು ಹೆದರಿದನೇ? ಇಲ್ಲ ಅಂದೆ. ಒಂದೊಂದು ಗೂಡಿನಲ್ಲಿ ಎಷ್ಟು ಮಾತ್ರೆ ಇದ್ದವು? ಒಂದೇ ಅಂದೆ. ನೀನು ಒಳ್ಳೆಯವನು, ನನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳುತ್ತೀಯ ಅಂದರು. ಶಸ್ತ್ರಚಿಕಿತ್ಸೆಯ ಭಯದಲ್ಲಿ ಡಬ್ಬಿ ತುಂಬಿದ್ದು ಅವರಿಗೆ ನೆನಪೇ ಇರಲಿಲ್ಲವಂತೆ. ಎರಡೆರಡು ಹಾಕಿರಬೇಕು, ಇಲ್ಲದಿದ್ದರೆ ಹೀಗೇಕಾಗುತ್ತದೆ ಎಂದು ಅವರೇ ತೀರ್ಮಾನ ಮಾಡಿಕೊಂಡರು. ಇಲ್ಲ, ಒಂದೇ ಇತ್ತು ಎಂದು ನಾನು ಆಣೆ ಮಾಡಿ ಹೇಳಿದಷ್ಟೂ ಅವರಿಗೆ ನನ್ನ ಒಳ್ಳೆಯತನದ ಮೇಲೆ ನಂಬಿಕೆ ಹೆಚ್ಚಾಯಿತು.

ನವೆಂಬರಿನಲ್ಲಿ ಒಂದು ದಿನ ಕೆಲಸದ ನಡುವೆ ಫೀಕಾಕ್ಕೆ, ಅಂದರೆ ಅಲ್ಲಿಯವರ ಕಾಫಿ ವಿರಾಮಕ್ಕೆ, ಕೂತಿದ್ದೆವು. ಕಾಫಿಗೆ ಜೊತೆಯಾಗಿ ಒಣದ್ರಾಕ್ಷಿ ಹಾಕಿದ ಬನ್ನು. ನಮ್ಮ ವಿಭಾಗದಲ್ಲಿ ಹಿಂದೆ ಪಶುವೈದ್ಯನಾಗಿದ್ದವನೊಬ್ಬ ಇದ್ದ. ಬನ್ನು ಮುರಿಯುತ್ತಾ, ಇದನ್ನು ನಾಯಿಗೆ ಕೊಡುವ ಹಾಗಿಲ್ಲ, ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ನಿಲ್ಲಿಸಿಬಿಡುತ್ತದೆ, ಯಾಕೆಂದು ಯಾರಿಗೂ ಗೊತ್ತಿಲ್ಲ ಅಂದ. ತಿಂದ ಕೂಡಲೇ ವಾಂತಿ ಮಾಡಿಸಿದರೆ ಉಳಿಯುತ್ತವಂತೆ. ಮೊದಲು ವಾಂತಿ, ಆಮೇಲೆ ಮಂಕು, ಎರಡನೇ ದಿನಕ್ಕೆ ಉಚ್ಚೆ ಬಂದ್. ಅವನು ಒಂದೊಂದೇ ಹೇಳುತ್ತಾ ಹೋದ ಹಾಗೆ ನನಗೆ ಸೋಮವಾರ, ಮಂಗಳವಾರ, ಬುಧವಾರ ಕಂಡವು. ಬಾಯಲ್ಲಿದ್ದದ್ದು ನುಂಗಲಾರದ ತುತ್ತಾಯಿತು. ಅಜ್ಜಿಯ ಬೊಗ್ಗಂದಿರನ್ನು ಇಷ್ಟು ಕಾಲ ಕಾಪಾಡಿದ್ದು ಅಜ್ಜಿಯ ಬಡತನ ಎಂದು ಹೊಳೆದದ್ದು ಅಲ್ಲೇ.

ಶೈಲಾಳಿಗೆ ಹೇಳಿದೆ. ಅವಳು ಬೆಳ್ಳಗಾದಳು. "ಈಗ್ಲೇ ಹೋಗಿ ಅವರಿಗೆ ಹೇಳ್ಬಿಡಿ. ಪಾಪ, ತನ್ನಿಂದಾಯ್ತು ಅಂತ ಕೊರಗ್ತಾ ಇದಾರೆ" ಅಂದಳು. ಹೇಳುತ್ತೇನೆ ಅಂದೆ. ಅವರ ಸೊಂಟ ಇನ್ನೂ ಮಾಗಿಲ್ಲ, ನಡೆಯುವಂತಾಗಲಿ ಅಂದೆ. ನಡೆದರು. ಕ್ರಿಸ್ಮಸ್ ಹತ್ತಿರ ಬಂತು, ಹಬ್ಬ ಕೆಡಿಸುವುದು ಬೇಡ ಅಂದೆ. ಹಬ್ಬ ಮುಗಿದ ಮೇಲೆ ಕತ್ತಲೆಯ ತಿಂಗಳುಗಳು, ಸ್ವೀಡನ್ನಿನಲ್ಲಿ ಆಗ ಯಾರ ಮನಸ್ಸೂ ಸರಿಯಿರುವುದಿಲ್ಲ, ಬಿಸಿಲು ಬರಲಿ ಅಂದೆ. ಬಿಸಿಲೂ ಬಂತು. ಮೀನಮೇಷ ಎಣಿಸುವುದರಲ್ಲಿ ನಾನು ಎಂದೂ ಸೋತವನಲ್ಲ. ನಾಳೆ ಎಂದವನ ಮನೆ ಹಾಳು ಎಂದು ಗಾದೆಯಿದೆ. ನನ್ನ ನಾಳೆಗಳಿಂದ ಹಾಳಾದದ್ದು ಎದುರು ಮನೆ.

ಈ ನಡುವೆ ಒಂದು ದಿನ ಬಿರ್ಗಿಟ್ಟ ಬಾಗಿಲು ತಟ್ಟಿದರು. ಕೈಯಲ್ಲಿ ಏಳು ಗೂಡಿನ ಇನ್ನೊಂದು ಡಬ್ಬಿ, ಇದು ಅವರ ಸ್ವಂತ ಮಾತ್ರೆಗಳದ್ದು. ರಕ್ತದೊತ್ತಡದ್ದು, ಹೃದಯದ್ದು, ನೋವಿನದು. ತಮ್ಮ ಕೈಯ ಮೇಲೆ ತಮಗೆ ನಂಬಿಕೆ ಹೋಗಿದೆ, ನೀನು ಔಷಧದವನು, ಭಾನುವಾರ ಭಾನುವಾರ ಬಂದು ತುಂಬಿಸಿ ಕೊಡುತ್ತೀಯಾ ಎಂದು ಕೇಳಿದರು. ಆಗ ಹೇಳಬೇಕಿತ್ತು. ನಾನು ಆಗಲಿ ಅಂದೆ.

ಹೀಗೆ ಸುಮಾರು ಎರಡು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ನಾನು ಅವರ ಅಡುಗೆಮನೆಯಲ್ಲಿ ಕೂತು ಮಾತ್ರೆ ತುಂಬಿಸಿದೆ. ಅವರು ಕಾಫಿ ಕೊಡುತ್ತಿದ್ದರು, ಏಲಕ್ಕಿ ಬ್ರೆಡ್ಡು ಕೊಡುತ್ತಿದ್ದರು. ಒಮ್ಮೆ ಮಾನಸಿ ನಾಯಿಮರಿಯ ಚಿತ್ರವೊಂದನ್ನು ತೋರಿಸಿ ನೀವು ಇನ್ನೊಂದು ತರೋದಿಲ್ವಾ ಎಂದು ಕೇಳಿದಾಗ, ನಾಯಿ ಸಾಕುವ ಯೋಗ್ಯತೆ ನನಗಿಲ್ಲ ಮಗೂ ಅಂದರು. ನಾನು ಮಾತ್ರೆ ಎಣಿಸುತ್ತಾ ತಲೆ ಎತ್ತಲಿಲ್ಲ. ನಾಚಿಕೆಯಾಗುತ್ತಿತ್ತು. ಆದರೆ ನಾಚಿಕೆಗೂ ಮನುಷ್ಯ ಒಗ್ಗಿಹೋಗುತ್ತಾನೆ. ನನ್ನಂಥ ಪರೋಪಕಾರಿ ನೆರೆಯವನು ಸಿಗುವುದು ಪುಣ್ಯ ಎಂದು ಅವರು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದುದು ಕಿವಿಗೆ ಬಿದ್ದಾಗ, ಒಳಗೊಳಗೇ ಸ್ವಲ್ಪ ಹಿತವೂ ಆಗುತ್ತಿತ್ತು ಎಂಬುದನ್ನು ಬರೆಯದೆ ಬಿಟ್ಟರೆ ಈ ಪ್ರಬಂಧವೂ ಸುಳ್ಳಾಗುತ್ತದೆ.

ಎರಡನೇ ಬೇಸಿಗೆಯಲ್ಲಿ ಬಿರ್ಗಿಟ್ಟ ತಾವೇ ಕೊಮ್ಯೂನಿಗೆ, ಅಂದರೆ ನಗರಾಡಳಿತಕ್ಕೆ, ವೃದ್ಧರ ವಸತಿಯಲ್ಲಿ ಜಾಗ ಕೊಡಿ ಎಂದು ಅರ್ಜಿ ಹಾಕಿದರು. ವಿಚಾರಿಸಲು ಒಬ್ಬ ಅಧಿಕಾರಿಣಿ ಬಂದರು. ಮಾತ್ರೆಯ ವಿಷಯ ಗೊತ್ತಿರುವವನೆಂದು ನನ್ನನ್ನೂ ಕೂರಿಸಿದರು. ನಡೆಯುತ್ತೀರಿ, ಅಡುಗೆ ಮಾಡಿಕೊಳ್ಳುತ್ತೀರಿ, ನಲವತ್ತು ವರ್ಷದಿಂದ ಇದ್ದ ಮನೆ, ಇಲ್ಲೇ ಇರಬಹುದಲ್ಲ ಎಂದು ಅಧಿಕಾರಿಣಿಯೇ ಕೇಳಿದರು. ಬಿರ್ಗಿಟ್ಟ ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದರು:

"ನಾನು ಮಾತ್ರೆ ತಪ್ಪಾಗಿ ಹಾಕಿ ನನ್ನ ನಾಯಿಯನ್ನು ಕೊಂದಿದ್ದೇನೆ. ಒಬ್ಬಳೇ ಇರಲು ನಾನು ತಕ್ಕವಳಲ್ಲ. ಇವನಿಗೆ ಗೊತ್ತು, ಇವನು ಅಲ್ಲೇ ಇದ್ದ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಾಫಿಯ ಬಟ್ಟಲನ್ನು ನೋಡಿದೆ. ಅಧಿಕಾರಿಣಿ ಏನೋ ಬರೆದುಕೊಂಡರು.

ಮನೆಗೆ ಬಂದು ಶೈಲಾಳಿಗೆ ಹೇಳಿದೆ. ಅವಳು ಆ ದಿನದಿಂದ ನನ್ನೊಡನೆ ಮಾತು ಬಿಟ್ಟಳು. ಅಡುಗೆ ಮಾಡಿ ಇಡುತ್ತಿದ್ದಳು, ಎದುರು ಕೂರುತ್ತಿರಲಿಲ್ಲ. ಆದರೂ ನನಗೆ ಬುದ್ಧಿ ಬರಲು ಕೊಮ್ಯೂನಿನ ಕಾಗದವೇ ಬರಬೇಕಾಯಿತು. ವಸತಿ ಮಂಜೂರಾಗಿತ್ತು. ಬಿರ್ಗಿಟ್ಟ ಮನೆಯನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಯಾಗಿತ್ತು, ಆ ಮನೆ ಆಗಲೇ ಇನ್ನೊಂದು ಸಂಸಾರದ ಹೆಸರಿಗೆ ಆಗಿತ್ತು. ಅವರು ಹೋಗುವ ಹಿಂದಿನ ಭಾನುವಾರ ಎಂದಿನಂತೆ ಹೋದೆ. ಅಡುಗೆಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು, ಒಂದೊಂದರ ಮೇಲೂ ದುಂಡಗಿನ ಅಕ್ಷರದಲ್ಲಿ ಒಳಗಿದ್ದದ್ದರ ಹೆಸರು. ಮೇಜು ಮತ್ತು ಎರಡು ಕುರ್ಚಿ ಮಾತ್ರ ಉಳಿದಿದ್ದವು. ಮಾತ್ರೆ ತುಂಬಿಸಿದ ಡಬ್ಬಿಯನ್ನು ಕೈಯಲ್ಲೇ ಹಿಡಿದು, ಅದನ್ನೇ ನೋಡುತ್ತಾ, ಎಲ್ಲ ಹೇಳಿದೆ. ಗಣಪತಿಯಿಂದ ಶುರುಮಾಡಿ ಫೀಕಾದ ಬನ್ನಿನವರೆಗೆ.

ಅವರ ಮುಖ ಅರಳಿತು. ನಾನು ಎಲ್ಲಕ್ಕೂ ಸಿದ್ಧನಾಗಿದ್ದೆ, ಅದಕ್ಕೊಂದಕ್ಕೆ ಆಗಿರಲಿಲ್ಲ.

"ಹಾಗಾದರೆ ನಾನು ಒಂದೊಂದೇ ಹಾಕಿದ್ದೆ."

"ಒಂದೊಂದೇ."

"ಸರಿಯಾಗಿಯೇ ಹಾಕಿದ್ದೆ" ಎಂದು ಮತ್ತೊಮ್ಮೆ, ತಮಗೇ ಹೇಳಿಕೊಂಡರು. ಆಮೇಲೆ ಪೆಟ್ಟಿಗೆಗಳ ಕಡೆ ನೋಡಿದರು, ಖಾಲಿ ಗೋಡೆ ನೋಡಿದರು. ಇದು ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದರು. ಆ ವರ್ಷದ ನವೆಂಬರಿನಲ್ಲೇ ಅಂದೆ. ಕ್ಷಮಿಸಿ ಎಂಬ ಮಾತಿಗೆ ಸ್ವೀಡಿಷ್‌ನಲ್ಲಿ ಎರಡು ಮೂರು ಶಬ್ದಗಳಿವೆ, ನನಗೆ ಎಲ್ಲವೂ ಗೊತ್ತಿದ್ದವು, ಎಲ್ಲವನ್ನೂ ಹೇಳಿದೆ.

ಬಿರ್ಗಿಟ್ಟ ಕೈ ಚಾಚಿ ನನ್ನಿಂದ ಡಬ್ಬಿ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡರು. ನಾನು ಆಗಲೇ ತುಂಬಿಸಿದ್ದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು, ಬಣ್ಣ ನೋಡಿ ಬೇರ್ಪಡಿಸಿ, ಸೋಮವಾರದಿಂದ ಒಂದೊಂದೇ ಗೂಡಿಗೆ ಹಾಕತೊಡಗಿದರು. ನಾನು ಎದ್ದು ಹೋಗುವಂತೆಯೂ ಇರಲಿಲ್ಲ, ಕೂರುವಂತೆಯೂ ಇರಲಿಲ್ಲ. ಏಳು ಗೂಡು ಮುಗಿದ ಮೇಲೆ ಡಬ್ಬಿಯನ್ನು ನನ್ನ ಕಡೆ ತಳ್ಳಿ, ಸರಿಯಿದೆಯೇ ನೋಡು ಅಂದರು. ಒಂದೊಂದೇ ಗೂಡು ನೋಡಿದೆ. ಎಲ್ಲಿಯೂ ತಪ್ಪಿರಲಿಲ್ಲ.

"ಸರಿಯಿದೆ" ಅಂದೆ.

"ಗೊತ್ತು" ಅಂದರು. ಮುಚ್ಚಳಗಳನ್ನು ಒಂದೊಂದಾಗಿ ಅದುಮಿ ಮುಚ್ಚಿದರು. "ಹೊಸ ಜಾಗಕ್ಕೆ ನೀನು ಬರುವುದು ಬೇಡ."